ಬೌನ್ ಬೀದಿಯಿಂದ ಬೆಳಗೊಳದವರೆಗೆ: ಪರಮತ ಸಹಿಷ್ಣುತೆಯ ಎರಡು ಪಾಠಗಳು



ಫ್ಲಶಿಂಗಿನ ಗಣೇಶ ದೇವಸ್ಥಾನ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಹೊಸ ಕಾರು ಕೊಂಡರೆ ಪೂಜೆಗೆ ಅಲ್ಲಿಗೇ ಹೋಗಬೇಕು. ಊರಿನಿಂದ ಅಪ್ಪ ಅಮ್ಮ ಬಂದರೆ ಮೊದಲ ಶನಿವಾರ ಅಲ್ಲಿಗೇ ಕರೆದುಕೊಂಡು ಹೋಗಬೇಕು. ನಿಜ ಹೇಳಬೇಕೆಂದರೆ ದೇವರ ದರ್ಶನದ ಆಸೆ ಅರ್ಧ, ಕೆಳಗಿನ ಕ್ಯಾಂಟೀನಿನ ದೋಸೆಯ ಆಸೆ ಇನ್ನರ್ಧ! ಎಷ್ಟೋ ವರ್ಷಗಳಿಂದ ಕಾರಿನ ಜಿಪಿಎಸ್‌ಗೆ 'ಬೌನ್ ಸ್ಟ್ರೀಟ್' ಎಂದು ಹೇಳಿ ಅಲ್ಲಿಗೆ ಹೋಗಿ ಬರುತ್ತಿದ್ದೇನೆ. ಈ ಬೌನ್ ಎಂದರೆ ಯಾರು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಕೇಳಿದ್ದು ನಮ್ಮ 'ಕನ್ನಡ ಕಲಿ' ತರಗತಿಯ ದೊಡ್ಡ ಮಕ್ಕಳ ಗುಂಪಿನ ಹುಡುಗಿ. ದೇವಸ್ಥಾನಕ್ಕೆ ಹೋಗಿ ಬಂದ ವಿಷಯವಾಗಿ ಐದು ವಾಕ್ಯ ಬರೆಯಿರಿ ಎಂದಿದ್ದೆ. "ಅಂಕಲ್, ಬೌನ್ ಅಂದ್ರೆ ಯಾರು? ಬೀದಿಗೆ ಅವರ ಹೆಸರು ಯಾಕೆ?" ಎಂದಳು. ಮುಂದಿನ ವಾರ ಹೇಳುತ್ತೇನೆ ಎಂದು ಜಾರಿಕೊಂಡೆ. ಇಂಜಿನಿಯರಿಂಗ್ ಓದಿದವನಿಗೂ ಚರಿತ್ರೆಗೂ ಹತ್ತನೆಯ ತರಗತಿಗೇ ಸಂಬಂಧ ಕಡಿದುಹೋಗಿತ್ತು. ಆ ಒಂದು ವಾರದಲ್ಲಿ ಓದಿದ್ದು ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿ ಕಡೆಗೆ ನಮ್ಮ ಶ್ರವಣಬೆಳಗೊಳದಲ್ಲಿ ತಂದು ನಿಲ್ಲಿಸಿತು. ತರಗತಿಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳ ಜೊತೆ ಕೂತು ಓದಿ.

ಮೊದಲ ಪಾಠ: ಫ್ಲಶಿಂಗ್, 1657

ನ್ಯೂಯಾರ್ಕ್ ಆಗ ನ್ಯೂಯಾರ್ಕ್ ಆಗಿರಲಿಲ್ಲ. ಅದು ಡಚ್ಚರ ನ್ಯೂ ಆಮ್‌ಸ್ಟರ್‌ಡಾಂ. ಆಳುತ್ತಿದ್ದುದು ರಾಜನಲ್ಲ, ವೆಸ್ಟ್ ಇಂಡಿಯಾ ಕಂಪನಿ. ಕಂಪನಿಯ ಪರವಾಗಿ ಅಧಿಕಾರ ನಡೆಸುತ್ತಿದ್ದವನು ಪೀಟರ್ ಸ್ಟೈವೆಸೆಂಟ್, ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡು ಮರದ ಕಾಲಿನಲ್ಲಿ ಓಡಾಡುತ್ತಿದ್ದ ಕಠಿಣ ಮನುಷ್ಯ. ಅವನ ತಂದೆ ಪಾದ್ರಿ. ವಸಾಹತಿನಲ್ಲಿ ಶಿಸ್ತು ಇರಬೇಕಾದರೆ ಎಲ್ಲರೂ ಡಚ್ಚರ ಸುಧಾರಿತ ಚರ್ಚಿಗೇ ಸೇರಿದವರಾಗಿರಬೇಕು ಎಂಬುದು ಅವನ ದೃಢ ನಂಬಿಕೆ.

1654ರಲ್ಲಿ ಬ್ರೆಜಿಲಿನ ರೆಸಿಫೆ ಪೋರ್ಚುಗೀಸರ ಕೈಗೆ ಹೋದ ಮೇಲೆ, ಅಲ್ಲಿಂದ ತಪ್ಪಿಸಿಕೊಂಡು 23 ಮಂದಿ ಯಹೂದಿಗಳು ನ್ಯೂ ಆಮ್‌ಸ್ಟರ್‌ಡಾಮಿಗೆ ಬಂದರು. ಇವರನ್ನು ಹೊರಗೆ ಹಾಕಲು ಅನುಮತಿ ಕೊಡಿ ಎಂದು ಸ್ಟೈವೆಸೆಂಟ್ ಕಂಪನಿಗೆ ಬರೆದ. ಕಂಪನಿಯಲ್ಲಿ ಯಹೂದಿಗಳ ಬಂಡವಾಳವೂ ಇತ್ತು. 1655ರಲ್ಲಿ ಉತ್ತರ ಬಂತು: ಇರಲಿ ಬಿಡು, ಆದರೆ ಅವರ ಬಡವರನ್ನು ಅವರೇ ನೋಡಿಕೊಳ್ಳಬೇಕು. 1656ರಲ್ಲಿ ಸ್ಟೈವೆಸೆಂಟ್ ತನ್ನ ಚರ್ಚು ಬಿಟ್ಟು ಬೇರೆ ಯಾವ ಪಂಗಡದವರೂ ಪ್ರಾರ್ಥನೆಗೆ ಕೂಟ ಸೇರಬಾರದೆಂದು ಕಟ್ಟಪ್ಪಣೆ ಹೊರಡಿಸಿದ.

ಮರುವರ್ಷವೇ ಹಡಗಿನಲ್ಲಿ ಕ್ವೇಕರ್ ಪಂಗಡದವರು ಬಂದಿಳಿದರು. ಇಂಗ್ಲೆಂಡಿನಲ್ಲಿ ಆಗಷ್ಟೇ ಹುಟ್ಟಿದ್ದ ಪಂಥ ಅದು. ಅವರಿಗೆ ಪುರೋಹಿತರಿಲ್ಲ, ಮಂತ್ರವಿಲ್ಲ. ಸುಮ್ಮನೆ ಮೌನವಾಗಿ ಕೂರುವುದು, ಒಳಗಿನಿಂದ ಪ್ರೇರಣೆಯಾದರೆ ಗಂಡಸಾಗಲಿ ಹೆಂಗಸಾಗಲಿ ಎದ್ದು ಮಾತಾಡುವುದು. ಅಧಿಕಾರಿಗಳ ಮುಂದೆ ಟೋಪಿ ತೆಗೆಯುವುದಿಲ್ಲ, ಪ್ರಮಾಣ ಮಾಡುವುದಿಲ್ಲ. ಅಧಿಕಾರದಲ್ಲಿದ್ದವರಿಗೆ ಸಿಟ್ಟು ಬರಲು ಇಷ್ಟು ಸಾಲದೆ? ರಾಬರ್ಟ್ ಹಾಡ್ಜ್‌ಸನ್ ಎಂಬ ತರುಣನನ್ನು ಹಿಡಿದು ತಳ್ಳುಗಾಡಿಗೆ ಸರಪಳಿಯಲ್ಲಿ ಬಿಗಿದು, ಬೆನ್ನಿನ ಚರ್ಮ ಏಳುವಂತೆ ಹೊಡೆಸಿದರು. ಕಡೆಗೆ ಸ್ಟೈವೆಸೆಂಟನ ಅಕ್ಕತಂಗಿಯರಲ್ಲಿ ಒಬ್ಬಳೇ ಮನಸ್ಸು ಕರಗಿ ಅವನನ್ನು ಬಿಡಿಸಿದಳು. ಕ್ವೇಕರ್ ಒಬ್ಬನಿಗೆ ಒಂದೇ ರಾತ್ರಿ ಮನೆಯಲ್ಲಿ ಜಾಗ ಕೊಟ್ಟರೂ ಭಾರಿ ದಂಡ ಎಂದು ಹೊಸ ಆಜ್ಞೆ ಹೊರಟಿತು.

ಆಗ ಫ್ಲಶಿಂಗ್ ಎಂಬ ಹಳ್ಳಿಯ ಜನ ಒಂದು ಕೆಲಸ ಮಾಡಿದರು. 1657ರ ಡಿಸೆಂಬರ್ 27ರಂದು ಊರಿನ ಗುಮಾಸ್ತ ಎಡ್ವರ್ಡ್ ಹಾರ್ಟ್ ಒಂದು ಅಹವಾಲು ಬರೆದ. ಸುಮಾರು ಮೂವತ್ತು ಮಂದಿ ಸಹಿ ಹಾಕಿದರು. ಬರೆಯಲು ಬಾರದ ಕೆಲವರದು ಸಹಿಯಲ್ಲ, ಬರೀ ಗುರುತು. ಅದರ ಸಾರಾಂಶ ಇಷ್ಟು: ಈ ಜನರನ್ನು ಒಳಗೆ ಬಿಡಬೇಡಿ ಎಂಬ ನಿಮ್ಮ ಆಜ್ಞೆಯನ್ನು ನಾವು ಪಾಲಿಸಲಾರೆವು. ಅವರ ನಂಬಿಕೆ ಸರಿಯೋ ತಪ್ಪೋ ಎಂದು ತೀರ್ಮಾನ ಮಾಡುವವನು ದೇವರು, ನಾವಲ್ಲ. ಪ್ರೀತಿಯಿಂದ ಬಂದವರ ಮೇಲೆ ಕೈ ಮಾಡಲು ನಮ್ಮ ಆತ್ಮಸಾಕ್ಷಿ ಒಪ್ಪುವುದಿಲ್ಲ. ನಮ್ಮ ಊರಿಗೂ ಮನೆಗೂ ಅವರು ಬಂದು ಹೋಗಬಹುದು. ಊರು ಕಟ್ಟಿದಾಗ, ಅಂದರೆ 1645ರಲ್ಲಿ, ನಮಗೆ ಕೊಟ್ಟ ಸನ್ನದಿನಲ್ಲೂ ಆತ್ಮಸಾಕ್ಷಿಯ ಸ್ವಾತಂತ್ರ್ಯದ ಮಾತಿದೆ. ಈ ಸ್ವಾತಂತ್ರ್ಯ ಯಹೂದಿಗಳಿಗೂ, ತುರುಕರಿಗೂ, ಈಜಿಪ್ಟಿನವರಿಗೂ ಸಲ್ಲುತ್ತದೆ.

ಇದನ್ನು ಓದಿದಾಗ ನನಗೆ ಆಶ್ಚರ್ಯವಾದ ಸಂಗತಿ ಒಂದು. ಸಹಿ ಹಾಕಿದವರಲ್ಲಿ ಕ್ವೇಕರ್‌ಗಳು ಇರಲಿಲ್ಲ ಎನ್ನುತ್ತಾರೆ. ತಮ್ಮದಲ್ಲದ ನಂಬಿಕೆಗಾಗಿ, ತಮಗೆ ಅಷ್ಟೇನೂ ಪರಿಚಯವಿಲ್ಲದ ಜನರಿಗಾಗಿ, ತಮ್ಮ ಹೊಲ ಮನೆಗಳನ್ನು ಪಣಕ್ಕಿಟ್ಟು ಬರೆದ ಪತ್ರ ಅದು. ಮುಸ್ಲಿಮನೊಬ್ಬನನ್ನು ಅವರಲ್ಲಿ ಎಷ್ಟು ಮಂದಿ ಕಣ್ಣಿನಿಂದ ನೋಡಿದ್ದರೋ ಏನೋ! ಆದರೂ ಅವರ ಹೆಸರು ಪತ್ರದಲ್ಲಿದೆ.

ಹಾಗಾದರೆ ಸ್ಟೈವೆಸೆಂಟ್ ಮನಸ್ಸು ಬದಲಾಯಿಸಿದನೆ? ಇಲ್ಲ. ಪತ್ರ ತಂದುಕೊಟ್ಟ ಅಧಿಕಾರಿ ಟೋಬಿಯಾಸ್ ಫೀಕ್‌ನನ್ನು ಕೆಲಸದಿಂದ ತೆಗೆದು ಶಿಕ್ಷೆ ವಿಧಿಸಿದ. ಗುಮಾಸ್ತ ಹಾರ್ಟ್ ಜೈಲಿನಲ್ಲಿ ಕೆಲವು ವಾರ ಕಳೆದು ಕ್ಷಮೆ ಕೇಳಿ ಹೊರಗೆ ಬಂದ. ಸಹಿ ಹಾಕಿದ ಇನ್ನೂ ಕೆಲವರು ಹಿಂದೆ ಸರಿದರು. ಸಿನಿಮಾ ಆಗಿದ್ದರೆ ಯಾರೂ ಕ್ಷಮೆ ಕೇಳುತ್ತಿರಲಿಲ್ಲ, ಆದರೆ ಇದು ಚರಿತ್ರೆ. ಅವರಿಗೂ ಹೆಂಡತಿ ಮಕ್ಕಳಿದ್ದರು.

ಈಗ ಬೌನ್ ವಿಷಯಕ್ಕೆ ಬರೋಣ. ಜಾನ್ ಬೌನ್ ಇಂಗ್ಲೆಂಡಿನಿಂದ ಬಂದು ಫ್ಲಶಿಂಗಿನಲ್ಲಿ ನೆಲೆಸಿದ ರೈತ. ಹೊಸದಾಗಿ ಕಟ್ಟಿದ ತನ್ನ ಮನೆಯಲ್ಲಿ ಕ್ವೇಕರ್‌ಗಳು ಸಭೆ ಸೇರಲು ಬಿಟ್ಟ. 1662ರಲ್ಲಿ ಅವನನ್ನು ಬಂಧಿಸಿದರು. ದಂಡ ಕಟ್ಟಿದರೆ ಮನೆಗೆ ಹೋಗಬಹುದಿತ್ತು, ಕಟ್ಟಲಿಲ್ಲ. ತಿಂಗಳುಗಟ್ಟಲೆ ಜೈಲಿನಲ್ಲಿಟ್ಟು, 1663ರ ಜನವರಿಯಲ್ಲಿ ಹಡಗು ಹತ್ತಿಸಿ ಗಡೀಪಾರು ಮಾಡಿದರು. ಬೌನ್ ಸುಮ್ಮನಾಗಲಿಲ್ಲ. ನೇರವಾಗಿ ಆಮ್‌ಸ್ಟರ್‌ಡಾಮಿಗೆ ಹೋಗಿ ಕಂಪನಿಯ ನಿರ್ದೇಶಕರ ಮುಂದೆ ನಿಂತು ವಾದ ಮಾಡಿದ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ಮ್ಯಾನೇಜರನ್ನು ದಾಟಿ ಹೆಡ್ ಆಫೀಸಿಗೇ ದೂರು! ಏಪ್ರಿಲಿನಲ್ಲಿ ಸ್ಟೈವೆಸೆಂಟ್‌ಗೆ ಪತ್ರ ಹೋಯಿತು: ನಮಗೂ ಈ ಪಂಗಡದವರು ಇಷ್ಟವಿಲ್ಲ, ಆದರೆ ಇಷ್ಟು ಬಿಗಿ ಮಾಡಿದರೆ ಹೊಸಬರು ಬರುವುದೇ ನಿಂತುಹೋಗುತ್ತದೆ. ಶಾಂತಿಯಿಂದ ಇರುವ ತನಕ ಜನರ ಆತ್ಮಸಾಕ್ಷಿಯ ಗೊಡವೆಗೆ ಹೋಗಬೇಡ, ಕಣ್ಣು ಮುಚ್ಚಿಕೊಂಡಿರು.

ನೋಡಿ, ಇಲ್ಲಿ ದೊಡ್ಡ ಆದರ್ಶಕ್ಕಿಂತ ವ್ಯಾಪಾರದ ಲೆಕ್ಕಾಚಾರವೇ ಹೆಚ್ಚು. ಆದರೂ ಫಲ ಒಳ್ಳೆಯದೇ ಆಯಿತು. 1664ರ ಆರಂಭದಲ್ಲಿ ಬೌನ್ ಮನೆಗೆ ಮರಳಿದ. ಅದೇ ವರ್ಷ ಊರು ಇಂಗ್ಲಿಷರ ಕೈಗೆ ಹೋಗಿ ನ್ಯೂಯಾರ್ಕ್ ಎಂಬ ಹೆಸರು ಬಂತು. 1694ರಲ್ಲಿ ಫ್ಲಶಿಂಗಿನ ಕ್ವೇಕರ್‌ಗಳು ತಮ್ಮದೇ ಸಭಾಮಂದಿರ ಕಟ್ಟಿಕೊಂಡರು. ಅದು ಇವತ್ತಿಗೂ ನಿಂತಿದೆ. ಆ ಅಹವಾಲಿನ ಹಾಳೆಯೂ ಉಳಿದಿದೆ. 1911ರಲ್ಲಿ ಆಲ್ಬನಿಯ ಬೆಂಕಿ ಅನಾಹುತದಲ್ಲಿ ಅದರ ಅಂಚು ಸುಟ್ಟಿದೆ, ಮಾತು ಸುಟ್ಟಿಲ್ಲ.

ಬೌನ್ ಕಟ್ಟಿದ ಮನೆಯಿಂದ ಅದೇ ಬೀದಿಯಲ್ಲಿ ಸುಮಾರು ಒಂದು ಮೈಲಿ ನಡೆದರೆ ನಮ್ಮ ಗಣಪತಿ ಸಿಗುತ್ತಾನೆ. ಹಿಂದೆ ರಷ್ಯನ್ ಆರ್ಥೊಡಾಕ್ಸ್ ಚರ್ಚು ಇದ್ದ ಜಾಗವನ್ನು ಕೊಂಡು ದೇವಸ್ಥಾನ ಕಟ್ಟಿ, 1977ರ ಜುಲೈ 4ರಂದು ಪ್ರತಿಷ್ಠೆ ಮಾಡಿದರು. 2022ರಲ್ಲಿ ಆ ಬೀದಿಗೆ 'ಗಣೇಶ್ ಟೆಂಪಲ್ ಸ್ಟ್ರೀಟ್' ಎಂಬ ಜೊತೆ ಹೆಸರೂ ಸಿಕ್ಕಿತು. 1657ರ ಆ ಪಟ್ಟಿಯಲ್ಲಿ ಹಿಂದೂಗಳ ಹೆಸರಿಲ್ಲ. ಆದರೆ ಪಟ್ಟಿಯನ್ನು ಉದ್ದ ಮಾಡಲು ಜಾಗ ಬಿಟ್ಟಿದ್ದರು. ನಮ್ಮ ದೋಸೆ ಆ ಜಾಗದಲ್ಲಿ ಬೇಯುತ್ತಿದೆ.

ನಡುವೆ ಒಂದು ಕಹಿ ಮಾತು

ಇದೇ ವರ್ಷಗಳಲ್ಲಿ ಪಕ್ಕದ ಮ್ಯಾಸಚೂಸೆಟ್ಸ್‌ನಲ್ಲಿ ಏನಾಯಿತು? ಅಲ್ಲಿನ ಪ್ಯೂರಿಟನ್ನರು ಇಂಗ್ಲೆಂಡಿನ ಚರ್ಚಿನ ಕಿರುಕುಳ ತಾಳಲಾರದೆ ಸಮುದ್ರ ದಾಟಿ ಬಂದವರು. ಬಂದವರು ಮಾಡಿದ್ದೇನು? ಒಪ್ಪದ ಮಾತಾಡಿದ ರಾಜರ್ ವಿಲಿಯಮ್ಸ್‌ನನ್ನು ಗಡೀಪಾರು ಮಾಡಿದರು (ಅವನು 1636ರಲ್ಲಿ ಪ್ರಾವಿಡೆನ್ಸ್ ಊರು ಕಟ್ಟಿದ). 1659 ಮತ್ತು 1661ರ ನಡುವೆ ಬಾಸ್ಟನ್ನಿನಲ್ಲಿ ನಾಲ್ಕು ಮಂದಿ ಕ್ವೇಕರ್‌ಗಳನ್ನು ಗಲ್ಲಿಗೆ ಹಾಕಿದರು. ಅವರಲ್ಲಿ ಒಬ್ಬಳು ಮೇರಿ ಡಯರ್, ಆರು ಮಕ್ಕಳನ್ನು ಬೆಳೆಸಿದ ತಾಯಿ.

ಡಚ್ಚರ ಕಥೆಯೂ ಅಷ್ಟೆ. ಸ್ಪೇನಿನ ರಾಜನ ಮತಹಿಂಸೆಯ ವಿರುದ್ಧ ದಶಕಗಳ ಕಾಲ ಹೋರಾಡಿ, ನಂಬಿಕೆಗಾಗಿ ಯಾರನ್ನೂ ಕಾಡಬಾರದೆಂದು 1579ರ ಉಟ್ರೆಕ್ಟ್ ಒಪ್ಪಂದದಲ್ಲಿ ಬರೆದುಕೊಂಡವರು ಅವರು. ಆ ದೇಶದ ಅಧಿಕಾರಿಯೇ ಸ್ಟೈವೆಸೆಂಟ್. ಪೆಟ್ಟು ತಿಂದವನಿಗೆ ನೋವು ಗೊತ್ತಿರುತ್ತದೆ ಎನ್ನುತ್ತೇವೆ. ಗೊತ್ತಿರುತ್ತದೆ, ಆದರೆ ಕೋಲು ತನ್ನ ಕೈಗೆ ಬಂದ ದಿನ ನೆನಪಿರುತ್ತದೆ ಎಂದು ಹೇಳಲಾಗದು.

ದೊರೆ ಕೊಟ್ಟ ಸಹಿಷ್ಣುತೆಗೆ ಇನ್ನೊಂದು ದೌರ್ಬಲ್ಯವಿದೆ. ಫ್ರಾನ್ಸಿನ ನಾಲ್ಕನೆಯ ಹೆನ್ರಿ 1598ರಲ್ಲಿ ನಾಂಟ್ ಶಾಸನ ಹೊರಡಿಸಿ ಪ್ರಾಟೆಸ್ಟೆಂಟರಿಗೆ ರಕ್ಷಣೆ ಕೊಟ್ಟ. ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿ 1685ರಲ್ಲಿ ಅದನ್ನು ರದ್ದು ಮಾಡಿದ. ಲಕ್ಷಕ್ಕೂ ಮೀರಿ ಜನ ದೇಶ ಬಿಟ್ಟು ಓಡಿದರು. ಅಜ್ಜ ಕೊಟ್ಟದ್ದನ್ನು ಮೊಮ್ಮಗ ಕಿತ್ತುಕೊಂಡ. ಅದಕ್ಕೇ ಈ ದೇಶದಲ್ಲಿ 1786ರ ವರ್ಜೀನಿಯಾ ಕಾಯಿದೆ, 1791ರ ಮೊದಲ ತಿದ್ದುಪಡಿ ಮುಖ್ಯವಾಗುತ್ತವೆ. ಅಲ್ಲಿ ಧಾರ್ಮಿಕ ಸ್ವಾತಂತ್ರ್ಯ ದೊರೆಯ ದಯೆ ಅಲ್ಲ, ಪ್ರಜೆಯ ಹಕ್ಕು. ಹಾಗೆಂದು ಒಂದೇ ರಾತ್ರಿಗೆ ಎಲ್ಲ ಬದಲಾಗಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಚರ್ಚುಗಳಿಗೆ ಸರ್ಕಾರದ ಬೆಂಬಲ ನಿಂತದ್ದು 1833ರಲ್ಲಿ.

ಎರಡನೆಯ ಪಾಠ: ಶ್ರವಣಬೆಳಗೊಳ, 1368

ಇಷ್ಟು ಹೇಳಿದ ಮೇಲೆ ತರಗತಿಯ ಹುಡುಗನೊಬ್ಬ, "ನಮ್ಮ ಕರ್ನಾಟಕದಲ್ಲಿ ಇಂಥಾದ್ದೆಲ್ಲ ಇರಲಿಲ್ಲ ಅಲ್ವಾ ಅಂಕಲ್?" ಎಂದ. ಹೌದು ಎಂದು ಹೇಳಿಬಿಡಲು ನಾಲಿಗೆ ತುದಿಯವರೆಗೆ ಬಂದಿತ್ತು! ಆದರೆ ಸತ್ಯ ಅಷ್ಟು ಸುಲಭವಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು 1200ರ ಒಂದು ಶಾಸನವಿದೆ. ಏಕಾಂತದ ರಾಮಯ್ಯ ಎಂಬ ಶಿವಭಕ್ತ ಜೈನರೊಡನೆ ಪಂಥ ಕಟ್ಟಿ ಗೆದ್ದು ಬಸದಿಯನ್ನು ನಾಶಮಾಡಿದ ಕಥೆಯನ್ನು ಅದು ಹೆಮ್ಮೆಯಿಂದ ಹೇಳುತ್ತದೆ. ಪವಾಡದ ಭಾಗ ಹೇಗಾದರೂ ಇರಲಿ, ಬಸದಿ ಒಡೆದದ್ದನ್ನು ಹೆಮ್ಮೆಯ ವಿಷಯವೆಂದು ಕಲ್ಲಿನಲ್ಲಿ ಕೆತ್ತಿಸಿದವರು ನಮ್ಮ ನಾಡಿನವರೇ.

ಅದೇ ನಾಡಿನಲ್ಲಿ ಇನ್ನೊಂದು ಕಲ್ಲೂ ಇದೆ. ವಿಜಯನಗರದ ಮೊದಲ ಬುಕ್ಕರಾಯನ ಕಾಲ, 1368ನೆಯ ಇಸವಿ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿತ್ತು. ಆನೆಗೊಂದಿ, ಪೆನುಗೊಂಡೆ, ಕಲ್ಯ ಮುಂತಾದ ಕಡೆಗಳ ಜೈನರು ಒಟ್ಟಾಗಿ ಬಂದು, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ರಾಯನಲ್ಲಿ ಬಿನ್ನಹ ಮಾಡಿದರು. ಫ್ಲಶಿಂಗಿನಲ್ಲಿ ಅಹವಾಲು, ಇಲ್ಲಿ ಬಿನ್ನಹ!

ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿದ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು ಸೇರಿದಂತೆ ಹದಿನೆಂಟು ನಾಡಿನ ಶ್ರೀವೈಷ್ಣವರು ಸೇರಿದರು. ರಾಯ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದ. ಜೈನರಿಗೆ ಮೊದಲಿನಂತೆ ಪಂಚಮಹಾವಾದ್ಯವೂ ಕಲಶವೂ ಸಲ್ಲಬೇಕೆಂದ. ಬಹಳ ಮುಖ್ಯವಾದ ಮಾತು ಮುಂದಿನದು: ಜೈನರಿಗೆ ಹಾನಿಯಾದರೆ ಅದನ್ನು ವೈಷ್ಣವರು ತಮಗೇ ಆದ ಹಾನಿಯೆಂದು ತಿಳಿಯಬೇಕು, ಏಳಿಗೆಯಾದರೆ ತಮ್ಮದೇ ಏಳಿಗೆ ಎಂದು ತಿಳಿಯಬೇಕು. ಈ ಕಟ್ಟಳೆಯನ್ನು ರಾಜ್ಯದ ಬಸದಿಗಳಲ್ಲೆಲ್ಲ ಕಲ್ಲಿನಲ್ಲಿ ಹಾಕಿಸಬೇಕು. ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಈ ಶಾಸನ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೇ ಒಪ್ಪಂದದ ಶಾಸನ ಉಂಟು. ಸ್ವಾರಸ್ಯವೆಂದರೆ ಜೈನರ ರಕ್ಷಣೆಯ ಈ ಬೆಳಗೊಳದ ಶಾಸನ ಶುರುವಾಗುವುದು ರಾಮಾನುಜರ ಸ್ತುತಿಯಿಂದ.

ಶಾಸನದಲ್ಲಿ ಹಣದ ಏರ್ಪಾಡೂ ಇದೆ. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯ ಅದನ್ನು ಕೂಡಿಸಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹಚ್ಚಿಸಬೇಕು. ತಾತಯ್ಯ ವೈಷ್ಣವ ಎಂಬುದನ್ನು ಗಮನಿಸಿ. ಬಸದಿಯ ಕಾವಲಿನ ಜವಾಬ್ದಾರಿ ಎದುರು ಪಕ್ಷದವನ ಹೆಗಲಿಗೆ!

ಇದನ್ನು ಹೇಳಿ ನಾನು ಬೀಗುತ್ತಿದ್ದಾಗ ಅದೇ ಹುಡುಗಿ ಕೈಯೆತ್ತಿದಳು. "ಅಂಕಲ್, ಅನ್ಯಾಯ ಆಗಿದ್ದು ಜೈನರಿಗೆ. ಮತ್ತೆ ಕಾವಲಿಗೆ ದುಡ್ಡು ಅವರೇ ಯಾಕೆ ಕೊಡಬೇಕು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಒಳ್ಳೆಯ ಪ್ರಶ್ನೆ ಎಂದೆ. ಮೇಷ್ಟ್ರುಗಳು ಹಾಗೆ ಹೇಳಿದರೆ ಅರ್ಥ ಅದೇ ತಾನೆ! ಆಮೇಲೆ ಯೋಚಿಸಿದೆ. ಬುಕ್ಕರಾಯನ ತೀರ್ಪು ಆ ಕಾಲಕ್ಕೆ ನಿಜಕ್ಕೂ ದೊಡ್ಡದು. ಲೋಕದ ಎಷ್ಟೋ ಕಡೆ ದೊರೆಗಳು ಒಂದು ಪಕ್ಷ ಹಿಡಿದು ಇನ್ನೊಂದನ್ನು ತುಳಿದ ಹಾಗೆ ಅವನು ಮಾಡಲಿಲ್ಲ. ಆದರೂ ಸಣ್ಣ ಗುಂಪಿನವರು ತಮ್ಮ ನೆಮ್ಮದಿಗೆ ಒಂದಿಷ್ಟು ಬೆಲೆ ತೆತ್ತೇ ತೆರಬೇಕು ಎಂಬ ಲೆಕ್ಕ ಅಲ್ಲೂ ಉಳಿದಿದೆ. ಕೆಲವರಿಗೆ ನೆಮ್ಮದಿ ಪುಕ್ಕಟೆ, ಕೆಲವರಿಗೆ ಮನೆಗೊಂದು ಹಣ.

ನನ್ನದೇ ಒಂದು ಲೆಕ್ಕ

ದೊರೆಗಳ ವಿಷಯ ಬರೆಯುವುದು ಸುಲಭ. ಈಗ ಬರೆಯುವುದು ಸ್ವಲ್ಪ ಕಷ್ಟ.

ಇಂಜಿನಿಯರಿಂಗ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ನಾವು ಮೂವರು ಗೆಳೆಯರು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. ಒಬ್ಬ ದಾವಣಗೆರೆ ಕಡೆಯವನು, ಮುಸ್ಲಿಂ. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನನ್ನ ರೂಂಮೇಟು, ನನಗಿಂತ ಚೆನ್ನಾಗಿ ಕನ್ನಡ ಬರೆಯುತ್ತಿದ್ದವನು. ಒಂದು ಒಳ್ಳೆಯ ಮನೆ ಸಿಕ್ಕಿತು. ಓನರ್ ಕಾಫಿ ಕೊಟ್ಟು ಮಾತಾಡಿಸಿದರು, ಅಡ್ವಾನ್ಸ್ ಎಷ್ಟು ಎಂಬುದೂ ತೀರ್ಮಾನವಾಯಿತು. ಕಡೆಯಲ್ಲಿ ಹೆಸರು ಕೇಳಿದರು. ಮೂರನೆಯ ಹೆಸರು ಕೇಳಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು, "ಚಿಕ್ಕ ಮನೆ ಕಣಪ್ಪಾ, ಇಬ್ಬರಾದರೆ ಸರಿಹೋಗುತ್ತೆ" ಎಂದರು. ಎಲ್ಲರಿಗೂ ಅರ್ಥವಾಯಿತು. ಹೊರಗೆ ಬಂದಾಗ ಅವನೇ, "ಪರವಾಗಿಲ್ಲ ಕಣ್ರೋ, ನೀವು ತಗೊಳ್ಳಿ. ನಾನು ಪಿಜಿ ನೋಡ್ಕೋತೀನಿ" ಎಂದ. ನಾವು ತಗೊಂಡೆವು. ಓನರಿಗೆ ನಾನು ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ನನಗೇನು ಜೈಲಾಗುತ್ತಿತ್ತೆ? ಬೇರೆ ಮನೆ ಹುಡುಕಬೇಕಾಗುತ್ತಿತ್ತು, ಅಷ್ಟೆ.

ಇಲ್ಲಿಗೆ ಬಂದು ಮನೆ ಹುಡುಕುವಾಗ ನನ್ನ ಜಾತಿ ಧರ್ಮ ಯಾರೂ ಕೇಳಲಿಲ್ಲ. ಕೇಳಿ ನಿರಾಕರಿಸುವ ಹಾಗಿಲ್ಲ, 1968ರಿಂದ ಅದಕ್ಕೆ ಕಾಯಿದೆ ಇದೆ. ಆ ಕಾಯಿದೆಯ ನೆರಳಿನಲ್ಲಿ ನಿಂತು ಬಾಡಿಗೆ ಕರಾರಿಗೆ ಸಹಿ ಹಾಕುವಾಗ ಗೆಳೆಯನ ನೆನಪಾಗಿತ್ತು. ಆಗಲೂ ಫೋನ್ ಮಾಡಲಿಲ್ಲ.

ಈ ಪಾಠಕ್ಕೆ ತಯಾರಾದ ಮೇಲೆ ಕಳೆದ ವಾರ ಮಾಡಿದೆ. ನಕ್ಕ. "ಆ ಮನೇಲಿ ನೀರೇ ಸರಿಯಾಗಿ ಬರ್ತಿರಲಿಲ್ಲ ಅಂತ ನೀವೇ ಗೋಳಾಡ್ತಿದ್ರಲ್ಲೋ, ನಾನು ಬಚಾವಾದೆ" ಎಂದ. ಮಕ್ಕಳು, ಕೆಲಸ, ಊರು ಎಂದು ಏನೇನೋ ಮಾತಾಡಿದೆವು. ಫೋನ್ ಇಡುವ ಮೊದಲು ಮೆಲ್ಲಗೆ ಹೇಳಿದ: "ಅವತ್ತು ಅವರು ಅಂದಿದ್ದು ನನಗೇನೂ ಹೊಸದಲ್ಲ ಕಣೋ. ನೀನು ಏನಾದ್ರೂ ಹೇಳ್ತೀಯ ಅಂತ ಸ್ವಲ್ಪ ಹೊತ್ತು ಕಾದೆ."

ಫ್ಲಶಿಂಗಿನ ಆ ಮೂವತ್ತು ಜನರಲ್ಲಿ ನಾನು ಇರುತ್ತಿದ್ದೆನೆ ಎಂದು ಕೇಳಿಕೊಳ್ಳುವ ಅಗತ್ಯ ಆಮೇಲೆ ಉಳಿಯಲಿಲ್ಲ.

ಕಡೆಯದಾಗಿ

ಕಿರುಕುಳ ಎಂದರೆ ಗಲ್ಲು, ಬೆಂಕಿ, ಗಡೀಪಾರು ಮಾತ್ರ ಅಲ್ಲ. ದೊರೆ ಮಾಡುವುದು ಶಾಸನದಲ್ಲಿ ಉಳಿಯುತ್ತದೆ, ಸಮಾಜ ಮಾಡುವುದು ಕಾಫಿ ಕುಡಿಯುತ್ತಾ ನಡೆದುಹೋಗುತ್ತದೆ. ಸಹಿಷ್ಣುತೆಗೂ ಬರೀ ದೊರೆ ಸಾಲದು, ಬರೀ ಕಾಯಿದೆಯೂ ಸಾಲದು. ಪಕ್ಕದವನಿಗೆ ಆದ ಹಾನಿ ತನಗೇ ಆದದ್ದು ಎಂದು ತಿಳಿಯುವ ನೆರೆಯವನೂ ಬೇಕು. ಬುಕ್ಕರಾಯ ಅದನ್ನು ಆಜ್ಞೆ ಮಾಡಿ ಹೇಳಬೇಕಾಯಿತು. ಫ್ಲಶಿಂಗಿನವರು ಆಜ್ಞೆಯನ್ನು ಮೀರಿ ಮಾಡಿದರು.

ಮನೆಯಲ್ಲಿ ಮಕ್ಕಳ ಜೊತೆ ಮಾತಾಡಲು ಮೂರು ಪ್ರಶ್ನೆಗಳು:

1. ಜೈನರು ಕಾವಲಿಗೆ ಹಣ ಕೊಡಬೇಕಾಗಿದ್ದು ಸರಿಯೆ? ನೀವು ಬುಕ್ಕರಾಯನ ಮಂತ್ರಿಯಾಗಿದ್ದರೆ ಏನು ಸಲಹೆ ಕೊಡುತ್ತಿದ್ದಿರಿ?
2. ಸಹಿ ಹಾಕಿ ಆಮೇಲೆ ಕ್ಷಮೆ ಕೇಳಿದ ಎಡ್ವರ್ಡ್ ಹಾರ್ಟ್‌ನನ್ನು ಹೇಡಿ ಎನ್ನಬಹುದೆ?
3. ನಿಮ್ಮ ಶಾಲೆಯಲ್ಲಿ ಯಾರ ಹೆಸರು, ಊಟ, ಉಡುಗೆ ನೋಡಿ ಮಕ್ಕಳು ನಗುತ್ತಾರೆ? ಆಗ ನೀವು ಏನು ಮಾಡುತ್ತೀರಿ?

ಮುಂದಿನ ಸಲ ಗಣೇಶ ದೇವಸ್ಥಾನಕ್ಕೆ ಹೋದಾಗ, ದೋಸೆ ಕರಗುವುದಕ್ಕಾದರೂ ಬೌನ್ ಮನೆಯವರೆಗೆ ನಡೆದು ಬನ್ನಿ. ಅದು ಈಗ ವಸ್ತುಸಂಗ್ರಹಾಲಯ, ಹೋಗುವ ಮೊದಲು ತೆರೆದಿರುವ ವೇಳೆ ನೋಡಿಕೊಳ್ಳಿ. ರಜೆಗೆ ಊರಿಗೆ ಹೋದಾಗ ಗೊಮ್ಮಟನ ಬೆಟ್ಟ ಹತ್ತಿ ಇಳಿದ ಮೇಲೆ ಸುಸ್ತಾಯಿತೆಂದು ಸೀದಾ ಕಾರು ಹತ್ತಬೇಡಿ. ಕೆಳಗೆ ಊರೊಳಗೆ ಭಂಡಾರಿ ಬಸದಿ ಇದೆ, ಆ ಕಲ್ಲನ್ನು ಮಕ್ಕಳಿಗೆ ತೋರಿಸಿ. ಅಕ್ಷರ ಹಳೆಯದು, ಓದಲು ಬರುವುದಿಲ್ಲ. ಆದರೆ ಅದರ ಭಾಷೆ ನಮ್ಮದೇ.

ಮಕ್ಕಳ ಉತ್ತರಗಳನ್ನು ಬರೆದು ಕಳುಹಿಸಿ, ಮುಂದಿನ ತರಗತಿಯಲ್ಲಿ ಓದುತ್ತೇವೆ. ಒಂದನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕರೆ ನನಗೂ ಬೇಕಾಗಿದೆ.